ಕಲ್ನಾರಿನ ಧೂಳಿನಿಂದ ಬರುವ ಕ್ಯಾನ್ಸರ್: ರೋಗಿ ಮತ್ತು ಮನೆಯವರು ಮಾಡಬೇಕಾದ ಕೆಲಸಗಳು

ಎದೆಯಲ್ಲಿ ನೀರು ತುಂಬಿಕೊಂಡು ಆಸ್ಪತ್ರೆಗೆ ಬಂದವರನ್ನು ‘ಸಿಗರೇಟು ಸೇದುತ್ತೀರಾ’ ಎಂದು ಎಲ್ಲರೂ ಕೇಳುತ್ತಾರೆ. ‘ಮೂವತ್ತು ನಲವತ್ತು ವರ್ಷದ ಹಿಂದೆ ಎಲ್ಲಿ ಕೆಲಸ ಮಾಡುತ್ತಿದ್ದಿರಿ’ ಎಂದು ಕೇಳುವವರು ಕಡಿಮೆ. ಕಲ್ನಾರಿನಿಂದ, ಅಂದರೆ ಆಸ್ಬೆಸ್ಟಾಸ್‌ನಿಂದ ಬರುವ ಕ್ಯಾನ್ಸರಿನಲ್ಲಿ ಈ ಎರಡನೆಯ ಪ್ರಶ್ನೆಯ ಮೇಲೆಯೇ ಬಹಳಷ್ಟು ನಿಂತಿದೆ. ಯಾವ ಪರೀಕ್ಷೆ ಮಾಡಬೇಕು, ಬಯಾಪ್ಸಿ ತುಣುಕಿನಲ್ಲಿ ಏನನ್ನು ಹುಡುಕಬೇಕು, ಕೊನೆಗೆ ಪರಿಹಾರದ ಹಣ ಕೈಗೆ ಬರುತ್ತದೋ ಇಲ್ಲವೋ, ಎಲ್ಲಕ್ಕೂ ಅದೇ ಬುಡ. ವೈದ್ಯರು ಕೇಳಲಿ ಬಿಡಲಿ, ಉತ್ತರವನ್ನು ಕಾಗದದಲ್ಲಿ ಬರೆದುಕೊಂಡು ಹೋಗುವುದು ರೋಗಿಯ ಕಡೆಯವರ ಮೊದಲ ಕೆಲಸ.

ಧೂಳು ಒಳಗೆ ಹೋಗಿ ಏನು ಮಾಡುತ್ತದೆ

ಕಲ್ನಾರು ನೆಲದಿಂದ ಅಗೆದು ತೆಗೆಯುವ ಖನಿಜ. ಅದನ್ನು ಕತ್ತರಿಸಿದಾಗ, ಕೊರೆದಾಗ, ಉಜ್ಜಿದಾಗ ಉದ್ದುದ್ದಕ್ಕೆ ಸೀಳಿ ಕಣ್ಣಿಗೆ ಕಾಣದಷ್ಟು ಸಣ್ಣ ಎಳೆಗಳಾಗುತ್ತದೆ. ಉಸಿರಿನ ಜೊತೆ ಈ ಎಳೆಗಳು ಶ್ವಾಸಕೋಶದ ತುದಿಯವರೆಗೂ ಹೋಗಿ ಕೂರುತ್ತವೆ. ಹೊರಗಿನಿಂದ ಬಂದದ್ದನ್ನು ನುಂಗಿ ಹಾಕುವ ರಕ್ಷಕ ಜೀವಕೋಶಗಳು ಇವನ್ನೂ ನುಂಗಲು ನೋಡುತ್ತವೆ. ಉದ್ದದ ಎಳೆ ಒಂದು ಕೋಶದೊಳಗೆ ಹಿಡಿಸುವುದಿಲ್ಲ. ಆ ಕೋಶ ಸಾಯುತ್ತದೆ, ಇನ್ನೊಂದು ಬರುತ್ತದೆ, ಉರಿಯೂತ ವರ್ಷಗಟ್ಟಲೆ ಆರದೆ ಉಳಿಯುತ್ತದೆ. ಕೆಲವು ಎಳೆಗಳು ಶ್ವಾಸಕೋಶವನ್ನು ಸುತ್ತಿರುವ ಪೊರೆಯನ್ನು, ಅಂದರೆ ಪ್ಲೂರಾವನ್ನು ತಲುಪುತ್ತವೆ. ದಶಕಗಳ ಆ ಉರಿಯೂತದಲ್ಲಿ ಜೀವಕೋಶದ ಡಿಎನ್‌ಎ ಕೆಟ್ಟು ಕ್ಯಾನ್ಸರ್ ಹುಟ್ಟುತ್ತದೆ. ಈ ಪೊರೆಯಲ್ಲಿ, ಕೆಲವೊಮ್ಮೆ ಹೊಟ್ಟೆಯ ಒಳಪೊರೆಯಲ್ಲಿ ಹುಟ್ಟುವ ಕ್ಯಾನ್ಸರಾದ ಮೀಸೋಥೀಲಿಯೋಮಾ ಕಾಣಿಸಿಕೊಳ್ಳಲು ಸಾಮಾನ್ಯವಾಗಿ 20ರಿಂದ 50 ವರ್ಷ ಹಿಡಿಯುವುದು ಇದರಿಂದಲೇ.

ಐಎಆರ್‌ಸಿ ಎಂಬ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಕಲ್ನಾರಿನ ಆರೂ ಬಗೆಗಳನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ 1ನೇ ಗುಂಪಿನಲ್ಲಿ ಇಟ್ಟಿದೆ. ಪ್ಲೂರಾ ಅಥವಾ ಹೊಟ್ಟೆಯ ಒಳಪೊರೆಯ ಮೀಸೋಥೀಲಿಯೋಮಾ, ಶ್ವಾಸಕೋಶದ ಕ್ಯಾನ್ಸರ್, ಧ್ವನಿಪೆಟ್ಟಿಗೆಯ ಕ್ಯಾನ್ಸರ್, ಅಂಡಾಶಯದ ಕ್ಯಾನ್ಸರ್, ಈ ನಾಲ್ಕಕ್ಕೂ ಕಲ್ನಾರು ಕಾರಣವೆಂಬುದಕ್ಕೆ ಸಾಕಷ್ಟು ಪುರಾವೆ ಇದೆ. ಬಿಳಿ ಕಲ್ನಾರಿನಿಂದ, ಅಂದರೆ ಕ್ರೈಸೊಟೈಲ್‌ನಿಂದ, ತೊಂದರೆ ಇಲ್ಲ ಎಂಬ ಮಾತು ಇನ್ನೂ ಓಡಾಡುತ್ತಿದೆ. ಮೀಸೋಥೀಲಿಯೋಮಾ ವಿಷಯದಲ್ಲಿ ನೀಲಿ ಮತ್ತು ಕಂದು ಬಗೆಗಳು ಹೆಚ್ಚು ಉಗ್ರ ಎನ್ನುವುದು ನಿಜ. ಬಿಳಿಯದು ಕ್ಯಾನ್ಸರ್ ತರುವುದಿಲ್ಲ ಎನ್ನುವುದು ಸುಳ್ಳು.

ಸಿಗರೇಟಿನ ಪಾತ್ರವನ್ನೂ ಸರಿಯಾಗಿ ತಿಳಿದುಕೊಳ್ಳಬೇಕು. ಮೀಸೋಥೀಲಿಯೋಮಾಕ್ಕೂ ತಂಬಾಕಿಗೂ ಸಂಬಂಧವಿಲ್ಲ. ಸೇದುತ್ತಿದ್ದವರಿಗೆ ‘ನೀವೇ ತಂದುಕೊಂಡದ್ದು’ ಎಂದು ಯಾರಾದರೂ ಹೇಳಿದರೆ ಅದು ತಪ್ಪು, ಕ್ರೂರವೂ ಹೌದು. ಶ್ವಾಸಕೋಶದ ಕ್ಯಾನ್ಸರಿನಲ್ಲಿ ಕಥೆ ಬೇರೆ. 1979ರಲ್ಲಿ ಅಮೆರಿಕದ ಇನ್ಸುಲೇಶನ್ ಕಾರ್ಮಿಕರ ಮೇಲೆ ಪ್ರಕಟವಾದ ಅಧ್ಯಯನದಲ್ಲಿ, ಎರಡೂ ಇಲ್ಲದವರಿಗೆ ಹೋಲಿಸಿದರೆ ಶ್ವಾಸಕೋಶದ ಕ್ಯಾನ್ಸರಿನಿಂದ ಸಾಯುವ ಅಪಾಯ ಕಲ್ನಾರು ಮಾತ್ರ ಇದ್ದವರಿಗೆ ಸುಮಾರು 5 ಪಟ್ಟು, ಸಿಗರೇಟು ಮಾತ್ರ ಇದ್ದವರಿಗೆ ಸುಮಾರು 11 ಪಟ್ಟು, ಎರಡೂ ಇದ್ದವರಿಗೆ 50 ಪಟ್ಟಿಗೂ ಮೇಲೆ ಇತ್ತು. ಸೇದುತ್ತಿದ್ದರು ಎಂಬ ಕಾರಣಕ್ಕೆ ಕಲ್ನಾರಿನ ಪಾಲು ಅಳಿಸಿಹೋಗುವುದಿಲ್ಲ; ಅದು ಇನ್ನಷ್ಟು ಹೆಚ್ಚುತ್ತದೆ. ಪರಿಹಾರದ ಅರ್ಜಿಯಲ್ಲಿ ಎದುರು ಕಡೆಯವರು ಮೊದಲು ಎತ್ತುವುದು ಸಿಗರೇಟಿನ ಮಾತನ್ನೇ. ಆದ್ದರಿಂದ ಈ ಲೆಕ್ಕ ನೆನಪಿರಲಿ.

ಎಕ್ಸ್‌ರೇಯಲ್ಲಿ ಕಾಣುವ ಪ್ಲೂರಲ್ ಪ್ಲಾಕ್, ಅಂದರೆ ಪೊರೆಯ ಮೇಲಿನ ಗಟ್ಟಿ ಮಚ್ಚೆ, ಕ್ಯಾನ್ಸರ್ ಅಲ್ಲ, ಕ್ಯಾನ್ಸರಾಗಿ ತಿರುಗುವುದೂ ಇಲ್ಲ. ಆಸ್ಬೆಸ್ಟೋಸಿಸ್ ಎಂದರೆ ಶ್ವಾಸಕೋಶ ಕಲೆಗಟ್ಟಿ ಬಿಗಿಯಾಗುವ ಕಾಯಿಲೆ, ಅದೂ ಕ್ಯಾನ್ಸರ್ ಅಲ್ಲ. ಆದರೆ ವರದಿಯಲ್ಲಿ ಇವೆರಡರಲ್ಲಿ ಯಾವುದು ಬರೆದಿದ್ದರೂ ಕಲ್ನಾರು ದೇಹದೊಳಗೆ ಹೋಗಿತ್ತು ಎಂಬುದಕ್ಕೆ ಅದು ದೊಡ್ಡ ಸಾಕ್ಷಿ. ಆ ವರದಿ ಕಳೆದುಹೋಗದಂತೆ ನೋಡಿಕೊಳ್ಳಿ.

ಧೂಳಿನ ಲೆಕ್ಕ ಬರೆಯುವುದು ಹೇಗೆ

ರೋಗಿ ಮಾತಾಡುವಷ್ಟು ಚೆನ್ನಾಗಿರುವಾಗಲೇ, ಅಂದರೆ ಮೊದಲ ವಾರದಲ್ಲೇ, ಈ ಕೆಲಸಕ್ಕೆ ಕೂರಬೇಕು. ಒಂದೇ ಸಲಕ್ಕೆ ಮುಗಿಸಲು ಹೋಗಬೇಡಿ. ಅರ್ಧ ಗಂಟೆ ಕೇಳಿ, ಬರೆದು, ಮರುದಿನ ಮತ್ತೆ ಕೇಳಿ. ರಾತ್ರಿ ಮಲಗಿದಾಗ ನೆನಪಾದದ್ದು ಬೆಳಿಗ್ಗೆ ಬರುತ್ತದೆ.

ಶಾಲೆ ಬಿಟ್ಟ ವರ್ಷದಿಂದ ಇಂದಿನವರೆಗೆ, ವರ್ಷ ಬಿಡದಂತೆ ಬರೆಯಿರಿ. ಒಂದೊಂದು ಕೆಲಸಕ್ಕೂ ಇಷ್ಟು ಬೇಕು: ಎಂದಿನಿಂದ ಎಂದಿನವರೆಗೆ, ಯಾರ ಕೈಕೆಳಗೆ, ಯಾವ ಜಾಗ, ನಿಜವಾಗಿ ಕೈಯಲ್ಲಿ ಮಾಡುತ್ತಿದ್ದ ಕೆಲಸ ಏನು, ಯಾವ ವಸ್ತು, ದಿನಕ್ಕೆ ಎಷ್ಟು ಹೊತ್ತು, ಒಳಗೋ ಬಯಲಲ್ಲೋ, ಮುಖಕ್ಕೆ ಏನು ಕಟ್ಟಿಕೊಳ್ಳುತ್ತಿದ್ದರು, ಪಕ್ಕದಲ್ಲಿ ಯಾರು ಇದ್ದರು. ‘ಕಾರ್ಖಾನೆಯಲ್ಲಿ ಫಿಟ್ಟರ್’ ಎಂದು ಬರೆದರೆ ಯಾವ ಉಪಯೋಗವೂ ಇಲ್ಲ. ಹೀಗಿರಬೇಕು: ‘1978ರಿಂದ 1985, ಬಾಯ್ಲರ್ ಮನೆ. ಪೈಪಿನ ಮೇಲಿನ ಹಳೆಯ ಲೇಪವನ್ನು ಸುತ್ತಿಗೆಯಿಂದ ಒಡೆದು ತೆಗೆಯುವುದು, ಹೊಸ ಹಗ್ಗ ಸುತ್ತುವುದು. ವಾರಕ್ಕೆ ಎರಡು ದಿನ, ಇಡೀ ಪಾಳಿ. ಕಿಟಕಿ ಇಲ್ಲ. ಬೆಳಕಿನ ಕೋಲಿನಲ್ಲಿ ಧೂಳು ಕಾಣುತ್ತಿತ್ತು. ಮೂಗಿಗೆ ಬಟ್ಟೆ ಮಾತ್ರ. ಬಟ್ಟೆ ಮನೆಯಲ್ಲೇ ಒಗೆಯುತ್ತಿದ್ದದ್ದು.’ ಈ ಆರೇಳು ಸಾಲಿನಲ್ಲಿ ವೈದ್ಯರಿಗೂ ವಕೀಲರಿಗೂ ಬೇಕಾದದ್ದೆಲ್ಲ ಇದೆ.

‘ಕಲ್ನಾರಿನ ಕೆಲಸ ಮಾಡಿದ್ದೀರಾ’ ಎಂದು ನೇರವಾಗಿ ಕೇಳಿದರೆ ಬಹುಮಂದಿ ಇಲ್ಲ ಎನ್ನುತ್ತಾರೆ, ಏಕೆಂದರೆ ಆ ವಸ್ತುವಿಗೆ ಆ ಹೆಸರಿದೆ ಎಂದೇ ಅವರಿಗೆ ಗೊತ್ತಿರುವುದಿಲ್ಲ. ವಸ್ತುಗಳ ಹೆಸರು ಹೇಳಿ ಕೇಳಿ. ಸಿಮೆಂಟು ಶೀಟು ಕತ್ತರಿಸಿದ್ದುಂಟೇ? ಸಿಮೆಂಟಿನ ನೀರಿನ ಪೈಪು, ತೊಟ್ಟಿ? ಬ್ರೇಕ್ ಲೈನಿಂಗ್ ಉಜ್ಜಿದ್ದು, ಡ್ರಮ್ಮಿಗೆ ಗಾಳಿ ಹೊಡೆದದ್ದು, ಕ್ಲಚ್ ಪ್ಲೇಟ್ ಬದಲಿಸಿದ್ದು? ಗ್ಯಾಸ್ಕೆಟ್ ಕತ್ತರಿಸಿದ್ದು, ಕವಾಟಕ್ಕೆ ಹಗ್ಗದ ಪ್ಯಾಕಿಂಗ್ ತುಂಬಿದ್ದು? ಬೆಸುಗೆ ಹಾಕುವಾಗ ಬೆಂಕಿ ತಡೆಯುವ ಕಂಬಳಿ, ಕೈಗವಸು? ಹಡಗು ಕಟ್ಟುವ, ಒಡೆಯುವ ಕೆಲಸ? ವಿದ್ಯುತ್ ಸ್ಥಾವರ, ರೈಲ್ವೆ ವರ್ಕ್‌ಶಾಪ್, ಹಳೆಯ ಕಟ್ಟಡ ಕೆಡವುವ ಕೆಲಸ? ತಾನು ಮುಟ್ಟದಿದ್ದರೂ ಪಕ್ಕದಲ್ಲಿ ಬೇರೆಯವರು ಶೀಟು ಕೊಯ್ಯುತ್ತಿದ್ದಾಗ ತಂತಿ ಎಳೆಯುತ್ತಿದ್ದ ಎಲೆಕ್ಟ್ರಿಷಿಯನ್, ಪೇಂಟರ್, ಬಡಗಿ, ಕಸ ಗುಡಿಸುತ್ತಿದ್ದವರು, ಇವರೂ ಧೂಳು ಕುಡಿದವರೇ.

ರೋಗಿ ಒಂದು ದಿನವೂ ಕಾರ್ಖಾನೆಯೊಳಗೆ ಕಾಲಿಡದ ಹೆಂಗಸಾಗಿದ್ದರೆ ಕೇಳಬೇಕಾದ್ದು ಬೇರೆ. ಗಂಡ, ತಂದೆ, ಅಣ್ಣ ಏನು ಕೆಲಸ ಮಾಡುತ್ತಿದ್ದರು? ಅವರ ಬಟ್ಟೆಯನ್ನು ಯಾರು ಕೊಡವಿ ಒಗೆಯುತ್ತಿದ್ದರು? ಚಿಕ್ಕಂದಿನಲ್ಲಿ ಮನೆ ಗಣಿಯ ಹತ್ತಿರವೋ, ಶೀಟಿನ ಕಾರ್ಖಾನೆಯ ಹತ್ತಿರವೋ ಇತ್ತೇ? 1960ರಲ್ಲಿ ದಕ್ಷಿಣ ಆಫ್ರಿಕಾದ ವ್ಯಾಗ್ನರ್ ಮತ್ತು ಸಂಗಡಿಗರು 33 ಮೀಸೋಥೀಲಿಯೋಮಾ ರೋಗಿಗಳ ವಿವರ ಪ್ರಕಟಿಸಿದಾಗ, ಅವರಲ್ಲಿ ಹಲವರು ಗಣಿಯಲ್ಲಿ ದುಡಿದವರೇ ಅಲ್ಲ, ನೀಲಿ ಕಲ್ನಾರಿನ ಗಣಿಗಳ ಆಸುಪಾಸಿನಲ್ಲಿ ಬೆಳೆದವರು. 1965ರಲ್ಲಿ ಲಂಡನ್ನಿನ ಅಧ್ಯಯನದಲ್ಲಿ ಕಾರ್ಮಿಕರ ಮನೆಯವರೂ ಕಾರ್ಖಾನೆಯ ನೆರೆಯವರೂ ಸಿಕ್ಕರು. ‘ಕೆಲಸದ ಇತಿಹಾಸವಿಲ್ಲ’ ಎಂದು ಕಡತ ಮುಚ್ಚುವ ಮುನ್ನ ಈ ಪ್ರಶ್ನೆಗಳು ಮುಗಿದಿರಬೇಕು.

ಬರೆದದ್ದರ ಜೊತೆ ಸಿಕ್ಕಿದ್ದನ್ನೆಲ್ಲ ಸೇರಿಸಿ: ಗುರುತಿನ ಚೀಟಿ, ಸಂಬಳದ ಚೀಟಿ, ಭವಿಷ್ಯನಿಧಿಯ ಕಾಗದ, ಹಳೆಯ ಗುಂಪು ಫೋಟೋ, ಕಂಪನಿಯ ವೈದ್ಯಕೀಯ ತಪಾಸಣೆಯ ಚೀಟಿ. ಜೊತೆಗೆ ದುಡಿದವರಲ್ಲಿ ಈಗ ಬದುಕಿರುವವರನ್ನು ಹುಡುಕಿ ಅವರ ಹೇಳಿಕೆಯನ್ನೂ ಬರೆಸಿಕೊಳ್ಳಿ. ಅವರಿಗೂ ವಯಸ್ಸಾಗಿದೆ, ಮುಂದೂಡಬೇಡಿ.

ಶ್ವಾಸಕೋಶದ ಕ್ಯಾನ್ಸರಿನಲ್ಲಿ ಈ ವರ್ಷಗಳ ಲೆಕ್ಕವೇ ತೀರ್ಮಾನ ಮಾಡುತ್ತದೆ. ತಜ್ಞರು ಸೇರಿ ರೂಪಿಸಿದ 1997ರ ಹೆಲ್ಸಿಂಕಿ ಮಾನದಂಡದ ಪ್ರಕಾರ 25 ‘ಎಳೆ-ವರ್ಷ’ದಷ್ಟು ಧೂಳು ಕುಡಿದವರಲ್ಲಿ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಸುಮಾರು ಎರಡು ಪಟ್ಟಾಗುತ್ತದೆ. ಒಂದು ಮಿಲಿಲೀಟರ್ ಗಾಳಿಯಲ್ಲಿ 5 ಎಳೆ ಇದ್ದ ಕಡೆ 5 ವರ್ಷ ದುಡಿದರೆ 25 ಆಯಿತು. ಮೀಸೋಥೀಲಿಯೋಮಾಕ್ಕೆ ಇಷ್ಟೆಲ್ಲ ಬೇಕಿಲ್ಲ. ಕಡಿಮೆ ಕಾಲದ, ಕಡಿಮೆ ಪ್ರಮಾಣದ ಧೂಳೂ ಸಾಕು.

ಯಾವ ಲಕ್ಷಣ, ಯಾವ ಪರೀಕ್ಷೆ, ಎಲ್ಲಿ ಎಡವುತ್ತದೆ

ಮೆಟ್ಟಿಲು ಹತ್ತುವಾಗ ಏದುಸಿರು, ಒಂದೇ ಪಕ್ಕದಲ್ಲಿ ಭಾರವಾದ ನೋವು, ಒಣ ಕೆಮ್ಮು, ಕಾರಣವಿಲ್ಲದೆ ತೂಕ ಇಳಿಯುವುದು, ರಾತ್ರಿ ಬೆವರು. ಹೊಟ್ಟೆಯ ಪೊರೆಯದ್ದಾದರೆ ಹೊಟ್ಟೆ ಉಬ್ಬರ, ಬೇಗ ತುಂಬಿದಂತೆ ಅನಿಸುವುದು. ಹೆಚ್ಚಿನವರಲ್ಲಿ ಮೊದಲು ಕಾಣುವುದು ಒಂದು ಪಕ್ಕದ ಎದೆಯಲ್ಲಿ ನೀರು.

ಎಡವುವುದು ಇಲ್ಲೇ. ಕ್ಷಯ ಹೆಚ್ಚಾಗಿರುವ ಕಡೆ ಎದೆಯ ನೀರೆಂದರೆ ಕ್ಷಯವೆಂದೇ ಮೊದಲು ಅನುಮಾನ. ಎರಡರಲ್ಲೂ ನೀರಿನಲ್ಲಿ ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳು ಹೆಚ್ಚಿರಬಹುದು. ಕ್ಷಯದ ಸುಳಿವೆಂದು ನೋಡುವ ಎಡಿಎ ಎಂಬ ಕಿಣ್ವದ ಮಟ್ಟ ಕೆಲವು ಮೀಸೋಥೀಲಿಯೋಮಾ ರೋಗಿಗಳಲ್ಲೂ ಏರಿರುತ್ತದೆ. ಕ್ಷಯದ ಮಾತ್ರೆ ಶುರುವಾಗಿ, ನೀರು ಮತ್ತೆ ಮತ್ತೆ ತುಂಬಿಕೊಂಡು, ತಿಂಗಳುಗಳು ಹೋಗುತ್ತವೆ. ಕ್ಷಯದ ರೋಗಾಣು ಸಿಗದೆಯೇ ಚಿಕಿತ್ಸೆ ನಡೆಯುತ್ತಿದ್ದು, ನೀರು ಎರಡನೆಯ ಸಲ ತುಂಬಿದರೆ, ಧೂಳಿನ ಲೆಕ್ಕದ ಕಾಗದವನ್ನು ಮುಂದಿಟ್ಟು ‘ಪ್ಲೂರಾದ ಬಯಾಪ್ಸಿ ಮಾಡಬಹುದೇ’ ಎಂದು ಸ್ಪಷ್ಟವಾಗಿ ಕೇಳಿ.

ನೀರನ್ನು ತೆಗೆದು ಪರೀಕ್ಷಿಸಿ ‘ಕ್ಯಾನ್ಸರ್ ಕೋಶ ಕಾಣಲಿಲ್ಲ’ ಎಂದು ಬಂದರೆ ನೆಮ್ಮದಿಯಾಗಬೇಡಿ. ಮೀಸೋಥೀಲಿಯೋಮಾ ಕೋಶಗಳು ನೀರಿಗೆ ಬೀಳದೆಯೂ ಇರಬಹುದು. ಬಿದ್ದರೂ ಉರಿಯೂತದ ಕೋಶಗಳಂತೆಯೇ ಕಾಣಬಹುದು. ಗಟ್ಟಿ ಉತ್ತರ ಸಿಗುವುದು ಪೊರೆಯ ತುಣುಕಿನಿಂದ. ಅದನ್ನು ಸ್ಕ್ಯಾನ್ ನೋಡುತ್ತಾ ಸೂಜಿಯಿಂದ ತೆಗೆಯಬಹುದು, ಅಥವಾ ಥೊರಾಕೊಸ್ಕೋಪಿ ಮಾಡಿ, ಎದೆಯೊಳಗೆ ಸಣ್ಣ ಕ್ಯಾಮೆರಾ ಇಳಿಸಿ, ಕಣ್ಣಾರೆ ಕಂಡ ಜಾಗದಿಂದ ತೆಗೆಯಬಹುದು. ಎರಡನೆಯದರಲ್ಲಿ ನೀರನ್ನೂ ಅದೇ ಸಲ ಪೂರ್ತಿ ಹೊರಗೆ ಬಿಡಬಹುದು.

ಪರೀಕ್ಷೆಗಳ ಕ್ರಮ ತಪ್ಪಿದರೂ ತೊಂದರೆಯಾಗುತ್ತದೆ. ನೀರು ಮತ್ತೆ ತುಂಬದಿರಲೆಂದು ಎದೆಯೊಳಗೆ ಟಾಲ್ಕ್ ಪುಡಿ ಹಾಕುವ ಚಿಕಿತ್ಸೆ ಇದೆ. ಅದಾದ ಮೇಲೆ, ಕ್ಯಾನ್ಸರ್ ಇರುವ ಜಾಗವನ್ನು ಹೊಳೆಯುವಂತೆ ತೋರಿಸುವ ಪೆಟ್ ಸ್ಕ್ಯಾನ್ ಮಾಡಿದರೆ ಟಾಲ್ಕಿನ ಉರಿಯೂತವೇ ಕ್ಯಾನ್ಸರಿನಂತೆ ಹೊಳೆಯುತ್ತದೆ, ಅದೂ ವರ್ಷಗಳ ಕಾಲ. ಪೆಟ್ ಬೇಕಿದ್ದರೆ ಟಾಲ್ಕಿಗೆ ಮೊದಲೇ ಆಗಲಿ.

ಬಯಾಪ್ಸಿ ವರದಿ ಕೈಗೆ ಬಂದಾಗ ಎರಡು ಸಂಗತಿ ಹುಡುಕಿ. ಒಂದು, ಬಗೆ ಯಾವುದು: ಎಪಿಥೀಲಿಯಾಯ್ಡ್, ಸಾರ್ಕೊಮಟಾಯ್ಡ್, ಅಥವಾ ಎರಡೂ ಬೆರೆತ ಬೈಫೇಸಿಕ್. ಮೊದಲನೆಯದು ಹೆಚ್ಚಾಗಿ ಕಾಣುವುದು, ಚಿಕಿತ್ಸೆಗೆ ಹೆಚ್ಚು ಬಗ್ಗುವುದು. ಸಾರ್ಕೊಮಟಾಯ್ಡ್ ಹಟಮಾರಿ. ಇನ್ನೊಂದು, ಇಮ್ಯುನೊಹಿಸ್ಟೊಕೆಮಿಸ್ಟ್ರಿ ಎಂಬ ಬಣ್ಣದ ಪರೀಕ್ಷೆ ನಡೆದಿದೆಯೇ ಎಂಬುದು. ಕ್ಯಾಲ್ರೆಟಿನಿನ್, ಡಬ್ಲ್ಯುಟಿ-1 ಇಂಥವು ಪಾಸಿಟಿವ್ ಬಂದು, ಶ್ವಾಸಕೋಶದ ಕ್ಯಾನ್ಸರಿನ ಗುರುತಾದ ಟಿಟಿಎಫ್-1, ಕ್ಲಾಡಿನ್-4 ಇಂಥವು ನೆಗೆಟಿವ್ ಬಂದರೆ ಮೀಸೋಥೀಲಿಯೋಮಾ ಕಡೆಗೆ ತಕ್ಕಡಿ ವಾಲುತ್ತದೆ. ಎರಡೂ ಕಡೆಯಿಂದ ಕನಿಷ್ಠ ಎರಡೆರಡು ಗುರುತು ನೋಡಿರಬೇಕು. ಬಿಎಪಿ-1 ಪ್ರೋಟೀನು ಮಾಯವಾಗಿದ್ದರೆ ಅದು ಬರೀ ಉರಿಯೂತವಲ್ಲ, ಕ್ಯಾನ್ಸರ್ ಎನ್ನುವುದಕ್ಕೆ ಬಲ ಬರುತ್ತದೆ. ಇವು ಯಾವುವೂ ಇಲ್ಲದ ಒಂದು ಸಾಲಿನ ವರದಿಯಾದರೆ, ಬಯಾಪ್ಸಿ ತುಣುಕು ಇಟ್ಟ ಮೇಣದ ಅಚ್ಚುಗಳನ್ನೂ ಗಾಜಿನ ಸ್ಲೈಡುಗಳನ್ನೂ ಕೇಳಿ ಪಡೆದು ಈ ಕ್ಯಾನ್ಸರ್ ಹೆಚ್ಚು ನೋಡುವ ಕೇಂದ್ರದ ಪೆಥಾಲಜಿಸ್ಟರಿಗೆ ತೋರಿಸಿ. ಇದನ್ನು ಗುರುತಿಸುವುದು ಅನುಭವಿಗಳಿಗೂ ಕಷ್ಟ. ಎರಡನೆಯ ಅಭಿಪ್ರಾಯ ಕೇಳಿದರೆ ಯಾರಿಗೂ ಅವಮಾನವಲ್ಲ.

ಚಿಕಿತ್ಸೆ

ಪ್ಲೂರಾದ ಮೀಸೋಥೀಲಿಯೋಮಾವನ್ನು ಪೂರ್ತಿ ಗುಣಪಡಿಸುವ ಚಿಕಿತ್ಸೆ ಇಲ್ಲ. ಆಯಸ್ಸು ಹೆಚ್ಚಿಸುವ, ನರಳಾಟ ತಗ್ಗಿಸುವ ಚಿಕಿತ್ಸೆ ಇದೆ. ಇದನ್ನು ರೋಗಿಗೆ ಮುಚ್ಚಿಡುವ ಮನೆಯವರು ಬಹಳ. ಆದರೆ ಸಹಿ ಹಾಕಬೇಕಾದವರು, ಧೂಳಿನ ಲೆಕ್ಕ ಹೇಳಬೇಕಾದವರು, ಎಷ್ಟು ಚಿಕಿತ್ಸೆ ಸಾಕು ಎಂದು ನಿರ್ಧರಿಸಬೇಕಾದವರು ಅವರೇ. ಅವರು ಕೇಳಿದಷ್ಟನ್ನು ನಿಜವಾಗಿ ಹೇಳಿ.

ಹಳೆಯ, ಎಲ್ಲ ಕಡೆ ಸಿಗುವ ಕೀಮೋ ಎಂದರೆ ಪೆಮೆಟ್ರೆಕ್ಸೆಡ್ ಜೊತೆ ಸಿಸ್‌ಪ್ಲಾಟಿನ್, 21 ದಿನಕ್ಕೊಮ್ಮೆ, ಸಾಮಾನ್ಯವಾಗಿ 4ರಿಂದ 6 ಸುತ್ತು. 2003ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯಲ್ಲಿ ಸಿಸ್‌ಪ್ಲಾಟಿನ್ ಒಂದೇ ಪಡೆದವರಲ್ಲಿ ಅರ್ಧದಷ್ಟು ಜನ 9.3 ತಿಂಗಳಿಗೂ ಹೆಚ್ಚು ಬದುಕಿದರೆ, ಎರಡೂ ಪಡೆದವರಲ್ಲಿ ಅರ್ಧದಷ್ಟು ಜನ 12.1 ತಿಂಗಳಿಗೂ ಹೆಚ್ಚು ಬದುಕಿದರು. ಆ ಪರೀಕ್ಷೆಯ ಆರಂಭದಲ್ಲಿ ಔಷಧದ ವಿಷ ತಾಗಿ ಸಾವುಗಳಾದವು. ಫೋಲಿಕ್ ಆಸಿಡ್ ಮತ್ತು ಬಿ12 ಕೊಡಲು ಶುರು ಮಾಡಿದ ಮೇಲೆ ಅದು ತಗ್ಗಿತು. ಆದ್ದರಿಂದ ಇವನ್ನು ಬರೀ ಶಕ್ತಿಯ ಮಾತ್ರೆ ಎಂದು ಬಗೆದು ಬಿಡುವಂತಿಲ್ಲ. ಫೋಲಿಕ್ ಆಸಿಡ್ ದಿನಕ್ಕೆ 350ರಿಂದ 1000 ಮೈಕ್ರೊಗ್ರಾಂ, ಮೊದಲ ಕೀಮೋಗೆ ಒಂದು ವಾರ ಮುಂಚಿನಿಂದ ಹಿಡಿದು ಕೊನೆಯ ಕೀಮೋ ಆಗಿ 21 ದಿನದವರೆಗೆ. ಬಿ12 ಚುಚ್ಚುಮದ್ದು 1000 ಮೈಕ್ರೊಗ್ರಾಂ, ಮೊದಲ ಕೀಮೋಗೆ ಮುಂಚಿನ ವಾರದಲ್ಲಿ ಒಂದು, ಆಮೇಲೆ 9 ವಾರಕ್ಕೊಮ್ಮೆ. ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡ್ 4 ಮಿಲಿಗ್ರಾಂ ದಿನಕ್ಕೆರಡು ಬಾರಿ, ಕೀಮೋ ಹಿಂದಿನ ದಿನ, ಆ ದಿನ, ಮರುದಿನ. ಇದು ತಪ್ಪಿದರೆ ಮೈತುಂಬ ದದ್ದು ಏಳಬಹುದು. ಮೊದಲ ಕೀಮೋ ದಿನ ಗೊತ್ತಾದ ಕೂಡಲೇ ಹಿಂದಕ್ಕೆ ಎಣಿಸಿ, ಈ ಮೂರೂ ಶುರುವಾಗಿವೆಯೇ ನೋಡಿ. ಇಲ್ಲದಿದ್ದರೆ ಆಸ್ಪತ್ರೆಗೆ ಫೋನು ಮಾಡಿ. ಮೈಕೈ ನೋವಿಗೆ ಐಬುಪ್ರೊಫೆನ್‌ನಂಥ ಮಾತ್ರೆಯನ್ನು ಕೇಳದೆ ನುಂಗಬೇಡಿ. ಮೂತ್ರಪಿಂಡ ಮಂದವಿರುವವರಲ್ಲಿ ಅದು ಪೆಮೆಟ್ರೆಕ್ಸೆಡನ್ನು ಮೈಯಲ್ಲೇ ಉಳಿಸಿಬಿಡುತ್ತದೆ. ಕಿವಿಯಲ್ಲಿ ಗುಂಯ್ ಎನ್ನುವುದು, ಬೆರಳು ಜೋಮು ಹಿಡಿಯುವುದು ಸಿಸ್‌ಪ್ಲಾಟಿನ್‌ನ ಗುರುತು. ಮುಂದಿನ ಸುತ್ತಿಗೆ ಮುನ್ನ ಹೇಳಬೇಕು. ಜ್ವರ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಬೆಳಗಾಗಲಿ ಎಂದು ಕಾಯದೆ ಹೊರಡಿ.

ಇನ್ನೊಂದು ದಾರಿ ಇಮ್ಯುನೊಥೆರಪಿ, ಅಂದರೆ ದೇಹದ ರೋಗನಿರೋಧಕ ವ್ಯವಸ್ಥೆಯನ್ನು ಕ್ಯಾನ್ಸರಿನ ಮೇಲೆ ಎಚ್ಚರಿಸುವ ಚಿಕಿತ್ಸೆ: ನಿವೊಲುಮ್ಯಾಬ್ ಮತ್ತು ಇಪಿಲಿಮುಮ್ಯಾಬ್ ಜೋಡಿ. ಚೆಕ್‌ಮೇಟ್ 743 ಎಂಬ ಪರೀಕ್ಷೆಯಲ್ಲಿ ಕೀಮೋ ಪಡೆದವರಲ್ಲಿ ಅರ್ಧದಷ್ಟು ಜನ 14.1 ತಿಂಗಳಿಗೂ ಹೆಚ್ಚು ಬದುಕಿದರೆ, ಈ ಜೋಡಿ ಪಡೆದವರಲ್ಲಿ ಅರ್ಧದಷ್ಟು ಜನ 18.1 ತಿಂಗಳಿಗೂ ಹೆಚ್ಚು ಬದುಕಿದರು. ಎಪಿಥೀಲಿಯಾಯ್ಡ್ ಅಲ್ಲದ ಬಗೆಗಳಲ್ಲಿ ವ್ಯತ್ಯಾಸ ಇನ್ನೂ ಎದ್ದು ಕಂಡಿತು. ವರದಿಯಲ್ಲಿ ಬಗೆ ನೋಡಿ ಎಂದದ್ದು ಇದಕ್ಕೇ. ಇದರ ಅಡ್ಡಪರಿಣಾಮ ಕೀಮೋದಂತಲ್ಲ. ಎಚ್ಚೆತ್ತ ರೋಗನಿರೋಧಕ ವ್ಯವಸ್ಥೆ ಕರುಳು, ಶ್ವಾಸಕೋಶ, ಯಕೃತ್ತು, ಥೈರಾಯ್ಡ್ ಮೇಲೆ ತಿರುಗಿಬೀಳಬಹುದು. ಭೇದಿ, ಹೊಸ ಕೆಮ್ಮು, ಕಣ್ಣು ಹಳದಿ, ವಿಪರೀತ ಸುಸ್ತು ಬಂದಾಗ ಹತ್ತಿರದ ಅಂಗಡಿಯ ಮಾತ್ರೆಗೆ ಹೋಗಬಾರದು. ಯಾವ ವೈದ್ಯರ ಮುಂದೆ ಕೂತರೂ ಮೊದಲ ಮಾತು ‘ಇಮ್ಯುನೊಥೆರಪಿ ಆಗಿದೆ’ ಎಂದಿರಲಿ. ಚಿಕಿತ್ಸೆ ನಿಂತು ತಿಂಗಳುಗಳ ನಂತರವೂ ಇವು ಬರಬಹುದು.

ದೊಡ್ಡ ಶಸ್ತ್ರಚಿಕಿತ್ಸೆಯ ಮಾತು ಬಂದರೆ ತಾಳ್ಮೆಯಿಂದ ಪ್ರಶ್ನೆ ಕೇಳಿ. ಬ್ರಿಟನ್ನಿನ ಮಾರ್ಸ್ 2 ಪರೀಕ್ಷೆಯಲ್ಲಿ ಪ್ಲೂರಾವನ್ನು ಸುಲಿದು ತೆಗೆಯುವ ಶಸ್ತ್ರಚಿಕಿತ್ಸೆ ಸೇರಿಸಿಕೊಂಡವರಿಗಿಂತ ಬರೀ ಕೀಮೋ ಪಡೆದವರೇ ಮೇಲಾಗಿದ್ದರು. ಹೊಟ್ಟೆಯ ಪೊರೆಯ ಮೀಸೋಥೀಲಿಯೋಮಾ ಹಾಗಲ್ಲ. ಗಡ್ಡೆಗಳನ್ನು ತೆಗೆದು ಬಿಸಿ ಕೀಮೋ ದ್ರವದಿಂದ ಹೊಟ್ಟೆಯೊಳಗೆ ತೊಳೆಯುವ ಚಿಕಿತ್ಸೆಯಿಂದ, ಆಯ್ದ ರೋಗಿಗಳು ವರ್ಷಗಳ ಕಾಲ ಬದುಕಿದ್ದಾರೆ. ಅದನ್ನು ನಿತ್ಯ ಮಾಡುವ ಕೇಂದ್ರಕ್ಕೇ ಹೋಗಬೇಕು.

ಎದೆಯ ನೀರನ್ನು ಮನೆಯಲ್ಲಿ ತೆಗೆಯುವುದು

ನೀರು ಪದೇ ಪದೇ ತುಂಬುವವರಿಗೆ ಎದೆಯಲ್ಲಿ ಮೆತ್ತಗಿನ ನಳಿಕೆ ಇಟ್ಟು ಮನೆಗೆ ಕಳಿಸುತ್ತಾರೆ. ಪ್ರತಿ ಸಲ ಆಸ್ಪತ್ರೆಗೆ ಓಡುವುದು ತಪ್ಪುತ್ತದೆ. ಆದರೆ ಮನೆಯವರೊಬ್ಬರು ಕೈಯಿಟ್ಟು ಕಲಿಯಲೇಬೇಕು. ಬಿಡುಗಡೆಯಾಗುವ ಮುನ್ನ ನರ್ಸ್ ಎದುರಿಗೆ ಒಮ್ಮೆ ನೀವೇ ಮಾಡಿ ತೋರಿಸಿ.

ಮೊದಲು ಫ್ಯಾನು ಆರಿಸಿ, ಮೇಜು ಒರೆಸಿ, ಸೋಪು ಹಚ್ಚಿ ಕೈಯನ್ನು ಮೊಣಕೈಯವರೆಗೆ ತೊಳೆಯಿರಿ. ಹಳೆಯ ಪಟ್ಟಿ ಬಿಚ್ಚಿ, ನಳಿಕೆ ಹೊರಬರುವ ಜಾಗವನ್ನು ನೋಡಿ: ಕೆಂಪು, ಕೀವು, ಒದ್ದೆ ಇದೆಯೇ. ಕೈ ಮತ್ತೆ ತೊಳೆದು ಸ್ಟೆರೈಲ್ ಗವಸು ಹಾಕಿ. ನಳಿಕೆಯ ತುದಿಯ ಮುಚ್ಚಳ ತೆಗೆದು ಕವಾಟವನ್ನು ಸ್ಪಿರಿಟ್ ಹತ್ತಿಯಿಂದ ಒರೆಸಿ, ಬಾಟಲಿಯ ಕೊಳವೆ ಸಿಕ್ಕಿಸಿ, ಕ್ಲಿಪ್ಪನ್ನು ನಿಧಾನ ಸಡಿಲಿಸಿ. ಒಂದು ಸಲಕ್ಕೆ 1000 ಮಿಲಿಲೀಟರ್ ದಾಟಬೇಡಿ. ವೈದ್ಯರು ಇನ್ನೂ ಕಡಿಮೆ ಹೇಳಿದ್ದರೆ ಅಷ್ಟೇ. ಬಹಳ ದಿನ ಕುಗ್ಗಿದ್ದ ಶ್ವಾಸಕೋಶ ಒಮ್ಮೆಲೇ ಅರಳಿದರೆ ಅದರೊಳಗೇ ನೀರು ಒಸರುವ ಅಪಾಯವಿದೆ. ಬಿಡದ ಕೆಮ್ಮು, ಎದೆ ಹಿಂಡಿದ ನೋವು, ತಲೆಸುತ್ತು ಬಂದ ಕ್ಷಣ ಕ್ಲಿಪ್ ಬಿಗಿಮಾಡಿ. ಮುಗಿದ ಮೇಲೆ ಕವಾಟವನ್ನು ಮತ್ತೆ ಒರೆಸಿ ಹೊಸ ಮುಚ್ಚಳ ಹಾಕಿ, ಹಳೆಯದನ್ನು ಮತ್ತೆ ಬಳಸಬೇಡಿ. ನಳಿಕೆಯನ್ನು ಮಡಿಚಿಬಿಡದಂತೆ ಸುರುಳಿಯಾಗಿ ಇಟ್ಟು, ಗಾಜ್ ಮೇಲೆ ಅಂಟುಪಟ್ಟಿ ಹಾಕಿ.

ಪ್ರತಿ ಸಲವೂ ತಾರೀಕು, ಎಷ್ಟು ಮಿಲಿಲೀಟರ್, ಬಣ್ಣ, ನೋವು ಇತ್ತೇ ಎಂದು ಒಂದು ಪುಸ್ತಕದಲ್ಲಿ ಬರೆಯಿರಿ. ಹುಲ್ಲಿನ ಬಣ್ಣ, ತಿಳಿಗೆಂಪು ಸಾಮಾನ್ಯ. ಒಮ್ಮೆಗೇ ಗಾಢ ರಕ್ತವಾದರೆ, ಮಂದವಾಗಿ ನಾತ ಬಂದರೆ, ಜ್ವರ ಬಂದರೆ ಅದೇ ದಿನ ಫೋನು ಮಾಡಬೇಕು. ನೀರು ಬರದೆ ನಿಂತಾಗ ಮೊದಲು ನಳಿಕೆ ಮಡಿಚಿದೆಯೇ, ಬಾಟಲಿಯ ನಿರ್ವಾತ ಹೋಗಿದೆಯೇ ನೋಡಿ. ಎರಡೂ ಸರಿ ಇದ್ದು, ಉಸಿರಾಟ ಹಗುರವಾಗಿದ್ದರೆ ನೀರು ಒಣಗುತ್ತಿರಬಹುದು. ಸತತ ಮೂರು ಸಲ 50 ಮಿಲಿಲೀಟರಿಗಿಂತ ಕಡಿಮೆ ಬಂದರೆ ನಳಿಕೆ ತೆಗೆಯಬಹುದೇ ಎಂದು ವೈದ್ಯರು ನೋಡುತ್ತಾರೆ. ನೀರು ಬರುತ್ತಿಲ್ಲ, ಏದುಸಿರು ಮಾತ್ರ ಹೆಚ್ಚಿದೆ ಎಂದಾದರೆ ಒಳಗೆ ಹೆಪ್ಪು ಕಟ್ಟಿರಬಹುದು. ಒತ್ತಿ ಬಿಡಿಸಲು ಏನನ್ನೂ ಒಳಗೆ ಚುಚ್ಚಬೇಡಿ. ನಳಿಕೆಯ ದಾರಿಯಲ್ಲಿ ಚರ್ಮದ ಕೆಳಗೆ ಗಂಟು ಬೆಳೆದರೆ ತೋರಿಸಿ. ಅಲ್ಲಿ ಗಡ್ಡೆ ಹುಟ್ಟುವುದುಂಟು, ನೋವಾದರೆ ವಿಕಿರಣ ಕೊಡುತ್ತಾರೆ.

ಏದುಸಿರು ಮತ್ತು ನೋವು

ನೋವಿನ ಆರೈಕೆ ಎಂದರೆ ಕೊನೆಯ ಘಳಿಗೆಯ ವ್ಯವಸ್ಥೆ ಎಂಬ ತಪ್ಪು ತಿಳಿವಳಿಕೆಯಿಂದ ಎಷ್ಟೋ ಜನ ಸುಮ್ಮನೆ ನರಳುತ್ತಾರೆ. ನೋವು, ನರಳಾಟ ತಗ್ಗಿಸುವ ಪ್ಯಾಲಿಯೇಟಿವ್ ತಂಡವನ್ನು ಕೀಮೋ ನಡೆಯುವಾಗಲೇ ನೋಡಬೇಕು.

ಏದುಸಿರು ಬಂದಾಗ ಮಲಗಿಸಬೇಡಿ. ಕುರ್ಚಿಯಲ್ಲಿ ಮುಂದಕ್ಕೆ ಬಾಗಿಸಿ, ಮೊಣಕೈಗಳನ್ನು ಮೇಜಿನ ಮೇಲಿನ ದಿಂಬಿಗೆ ಊರಿಸಿ. ಸಣ್ಣ ಕೈ ಫ್ಯಾನಿನ ಗಾಳಿ ಮೂಗು, ತುಟಿ, ಕೆನ್ನೆಗೆ ನೇರ ತಾಗಲಿ; ಮುಖದ ನರಗಳ ಮೂಲಕ ಅದು ಉಸಿರಿನ ಹಸಿವನ್ನು ತಗ್ಗಿಸುತ್ತದೆ. ಮೂಗಿನಿಂದ ಎಳೆದು, ತುಟಿ ಮೊನಚು ಮಾಡಿ ನಿಧಾನ ಬಿಡಿಸಿ. ಆಮ್ಲಜನಕ ನೆರವಾಗುವುದು ರಕ್ತದಲ್ಲಿ ಅದರ ಮಟ್ಟ ಇಳಿದಿದ್ದರೆ ಮಾತ್ರ. ಇಷ್ಟಾದರೂ ತಗ್ಗದ ಏದುಸಿರಿಗೆ ಅಲ್ಪ ಪ್ರಮಾಣದ ಮಾರ್ಫಿನ್ ಕೊಡುತ್ತಾರೆ. ವೈದ್ಯರು ಹೇಳಿದ ಅಳತೆಯಲ್ಲಿ ಕೊಟ್ಟರೆ ಅದು ಉಸಿರು ನಿಲ್ಲಿಸುವುದಿಲ್ಲ, ಚಟವನ್ನೂ ಹಿಡಿಸುವುದಿಲ್ಲ. ಮಲಬದ್ಧತೆ ಮಾತ್ರ ಬಂದೇ ಬರುತ್ತದೆ. ಮಾರ್ಫಿನ್ ಶುರುವಾದ ದಿನವೇ ಮಲ ಸಡಿಲಿಸುವ ಔಷಧವೂ ಶುರುವಾಗಬೇಕು. ಏದುಸಿರು ಗಂಟೆಗಳಲ್ಲಿ ಏಕಾಏಕಿ ಏರಿದರೆ ಕಾಯಿಲೆಯದ್ದೇ ಎಂದು ಕೂರದೆ ಆಸ್ಪತ್ರೆಗೆ ಹೋಗಿ. ಶ್ವಾಸಕೋಶದ ರಕ್ತನಾಳದಲ್ಲಿ ಹೆಪ್ಪು, ಸೋಂಕು, ಹೃದಯದ ಸುತ್ತ ನೀರು, ಇವಕ್ಕೆ ಬೇರೆ ಚಿಕಿತ್ಸೆ ಇದೆ.

ನೋವನ್ನು ವೈದ್ಯರಿಗೆ ಹೇಳುವಾಗ ಬಗೆ ಹೇಳಿ. ಒತ್ತಿದಂಥ ಭಾರದ ನೋವು ಒಂದು, ಪಕ್ಕೆಲುಬಿನ ಸಾಲಿನಲ್ಲಿ ಉರಿ, ಸೂಜಿ ಚುಚ್ಚು, ಬಟ್ಟೆ ತಾಗಿದರೂ ಸಹಿಸದ ನೋವು ಇನ್ನೊಂದು. ಎರಡನೆಯದು ನರದ ನೋವು. ಅದಕ್ಕೆ ಗ್ಯಾಬಪೆಂಟಿನ್‌ನಂಥ ಬೇರೆ ಔಷಧ ಸೇರಿಸಬೇಕು. ಒಂದೇ ಪಕ್ಕದ, ಯಾವುದಕ್ಕೂ ಬಗ್ಗದ ನೋವಿಗೆ ಬೆನ್ನುಹುರಿಯಲ್ಲಿ ನೋವಿನ ದಾರಿಯನ್ನಷ್ಟೇ ಕಡಿಯುವ ಕಾರ್ಡೊಟಮಿ ಎಂಬ ಚಿಕಿತ್ಸೆ ಕೆಲವು ಕೇಂದ್ರಗಳಲ್ಲಿದೆ.

ಪರಿಹಾರದ ಹಕ್ಕು

ಬಹಳ ದೇಶಗಳ ಕಾನೂನಿನಲ್ಲಿ ಅರ್ಜಿಯ ಗಡುವು ಶುರುವಾಗುವುದು ಧೂಳು ಕುಡಿದ ದಿನದಿಂದಲ್ಲ, ಕಾಯಿಲೆ ಗೊತ್ತಾದ ದಿನದಿಂದ. ಆದ್ದರಿಂದ ಬಯಾಪ್ಸಿ ವರದಿಯ ತಾರೀಕನ್ನು ಗುರುತು ಮಾಡಿಕೊಂಡು, ಆ ವಾರದಲ್ಲೇ ಕಾರ್ಮಿಕ ಸಂಘವನ್ನೋ, ವೃತ್ತಿಜನ್ಯ ರೋಗಗಳ ಮೊಕದ್ದಮೆ ನಡೆಸುವ ವಕೀಲರನ್ನೋ ಕೇಳಿ. ವೈದ್ಯರ ಪ್ರಮಾಣಪತ್ರದಲ್ಲಿ ‘ಮೀಸೋಥೀಲಿಯೋಮಾ’ ಎಂದಷ್ಟೇ ಇದ್ದರೆ ಸಾಲದು. ‘ಕೆಲಸದಲ್ಲಿ ಕಲ್ನಾರಿನ ಸಂಪರ್ಕದಿಂದ’ ಎಂಬ ಮಾತು ಬರೆಯಿಸಿಕೊಳ್ಳಿ. ರೋಗಿಯ ಹೇಳಿಕೆಯನ್ನು ಸಾಕ್ಷಿಗಳ ಮುಂದೆ ಸಹಿ ಹಾಕಿಸಿ, ವಿಡಿಯೋದಲ್ಲೂ ದಾಖಲಿಸಿ.

ಕಂಪನಿ ಮುಚ್ಚಿಹೋಗಿದ್ದರೂ ಕೈಬಿಡಬೇಡಿ. ಆ ಕಾಲದ ವಿಮಾ ಕಂಪನಿ ಇರಬಹುದು, ಕಂಪನಿಯನ್ನು ಕೊಂಡವರು ಇರಬಹುದು. ಫ್ರಾನ್ಸ್, ಜಪಾನ್, ದಕ್ಷಿಣ ಕೊರಿಯಾದಂಥ ದೇಶಗಳಲ್ಲಿ ಇದಕ್ಕೆಂದೇ ಕಾನೂನು, ನಿಧಿ ಇವೆ. ಜಪಾನಿನ 2006ರ ಕಾನೂನಿನಲ್ಲಿ ಕಾರ್ಮಿಕರಲ್ಲದೆ ಕಾರ್ಖಾನೆಯ ನೆರೆಯವರಿಗೂ ಹಕ್ಕಿದೆ. ರೋಗಿ ತೀರಿಕೊಂಡರೆ, ಬಯಾಪ್ಸಿ ಸರಿಯಾಗಿ ಆಗಿರದಿದ್ದಲ್ಲಿ, ಅಂತ್ಯಕ್ರಿಯೆಗೆ ಮುನ್ನ ಮರಣೋತ್ತರ ಪರೀಕ್ಷೆಯ ಬಗ್ಗೆ ನಿರ್ಧರಿಸಬೇಕಾಗುತ್ತದೆ. ಆ ಹೊತ್ತಿನಲ್ಲಿ ಯಾರಿಗೂ ಯೋಚನೆ ಓಡುವುದಿಲ್ಲ, ಮೊದಲೇ ಮಾತಾಡಿಕೊಂಡಿರಿ.

ಮನೆಯವರು, ಮತ್ತು ಇನ್ನೂ ಧೂಳಿನಲ್ಲಿರುವವರು

ಮೀಸೋಥೀಲಿಯೋಮಾ ಅಂಟುವ ರೋಗವಲ್ಲ. ಒಟ್ಟಿಗೆ ಉಣ್ಣಬಹುದು, ಮಲಗಬಹುದು. ತಾನು ತಂದ ಧೂಳು ಹೆಂಡತಿಗೆ ಹೋಯಿತೆಂದು ಕೊರಗುವ ಗಂಡಂದಿರಿದ್ದಾರೆ. ಧೂಳಿನ ಅಪಾಯವನ್ನು ಅವರಿಗೆ ಹೇಳದೆ, ಬಟ್ಟೆ ಬದಲಿಸಲು ಜಾಗ ಕೊಡದೆ ದುಡಿಸಿಕೊಂಡವರದ್ದು ಆ ಹೊಣೆ. ಇದನ್ನು ಅವರಿಗೆ ಮತ್ತೆ ಮತ್ತೆ ಹೇಳಬೇಕು.

ಶೀಟು ಒಡೆಯದೆ, ಉದುರದೆ ಇದ್ದರೆ ಅದನ್ನು ಮುಟ್ಟದಿರುವುದೇ ಮೇಲು. ಪ್ರೆಷರ್ ನೀರಿನಿಂದ ತೊಳೆಯುವುದು, ಕೊರೆಯುವುದು, ಉಜ್ಜುವುದು ಬೇಡ. ತೆಗೆಯಲೇಬೇಕಾದರೆ ಪರವಾನಗಿ ಇದ್ದವರಿಂದ ತೆಗೆಸಿ: ಒದ್ದೆ ಮಾಡಿ, ಮೊಳೆ ಬಿಚ್ಚಿ, ಒಡೆಯದೆ ಇಡಿಯಾಗಿ ಇಳಿಸಿ, ದಪ್ಪ ಪಾಲಿಥೀನಿನಲ್ಲಿ ಎರಡು ಸುತ್ತು ಕಟ್ಟಬೇಕು. ಬಿದ್ದ ಪುಡಿಯನ್ನು ಒದ್ದೆ ಬಟ್ಟೆಯಿಂದ ಒರೆಸಿ ಆ ಬಟ್ಟೆಯನ್ನೂ ಅದೇ ಕಟ್ಟಿಗೆ ಹಾಕಿ. ಪೊರಕೆಯೂ ಮನೆಯ ವ್ಯಾಕ್ಯೂಮ್ ಕ್ಲೀನರೂ ಎಳೆಗಳನ್ನು ಮತ್ತೆ ಗಾಳಿಗೆ ಎಬ್ಬಿಸುತ್ತವೆ. ಬಟ್ಟೆಯ ಮಾಸ್ಕು, ಸರ್ಜಿಕಲ್ ಮಾಸ್ಕು ಎಳೆಗಳನ್ನು ತಡೆಯವು. ಪಿ100 ಅಥವಾ ಎಫ್‌ಎಫ್‌ಪಿ3 ದರ್ಜೆಯದ್ದು, ಮುಖಕ್ಕೆ ಬಿಗಿಯಾಗಿ ಕೂತದ್ದು ಬೇಕು. ಗಡ್ಡವಿದ್ದರೆ ಅದೂ ಕೂರುವುದಿಲ್ಲ.

ಹಿಂದೆ ಧೂಳು ಕುಡಿದು ಈಗ ಆರೋಗ್ಯವಾಗಿರುವವರಿಗೆ ಮೀಸೋಥೀಲಿಯೋಮಾವನ್ನು ಮೊದಲೇ ಹಿಡಿಯುವಂಥ, ಉಪಯೋಗ ಸಾಬೀತಾದ ತಪಾಸಣೆ ಇಲ್ಲ. ಮೀಸೋಥೀಲಿನ್ ರಕ್ತಪರೀಕ್ಷೆಯ ಜಾಹೀರಾತು ನೋಡಿ ಹಣ ಸುರಿಯಬೇಡಿ. ಆರಂಭದ ಕಾಯಿಲೆಯನ್ನು ಅದು ತಪ್ಪಿಸಿಬಿಡುತ್ತದೆ. ಆದರೆ ಸಿಗರೇಟನ್ನೂ ಬಹಳ ಸೇದಿದ್ದವರಾದರೆ ಶ್ವಾಸಕೋಶದ ಕ್ಯಾನ್ಸರಿಗಾಗಿ ವರ್ಷಕ್ಕೊಮ್ಮೆ ಕಡಿಮೆ ವಿಕಿರಣದ ಸಿ.ಟಿ. ಸ್ಕ್ಯಾನ್ ಬೇಕೇ ಎಂದು ವೈದ್ಯರನ್ನು ಕೇಳಿ. ಸಿಗರೇಟು ಇವತ್ತೇ ಬಿಡಿ. ಒಳಗೆ ಹೋದ ಎಳೆಯನ್ನು ಹೊರಗೆ ತೆಗೆಯಲಾಗದಿದ್ದರೂ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ವರ್ಷದಿಂದ ವರ್ಷಕ್ಕೆ ಇಳಿಯುತ್ತದೆ. ಫ್ಲೂ ಮತ್ತು ನ್ಯುಮೋಕಾಕಸ್ ಲಸಿಕೆ ಹಾಕಿಸಿಕೊಳ್ಳಿ. ಧೂಳಿನ ಲೆಕ್ಕದ ಒಂದು ಪ್ರತಿಯನ್ನು ನಿಮ್ಮ ವೈದ್ಯರ ಕಡತಕ್ಕೆ ಸೇರಿಸಿ, ಒಂದನ್ನು ಮಕ್ಕಳ ಕೈಗೆ ಕೊಡಿ.